ಗೆರೆ ಓದುವ ಯಂತ್ರ, ಎದೆ ಮುಟ್ಟದ ಕೈ

ಯಂತ್ರಕ್ಕೆ ಜಾತಿ ಇಲ್ಲವಂತೆ.

ಈ ಮಾತನ್ನು ನಾನು ಕೇಳಿದ್ದು ರಾಯಚೂರಿನ ಒಂದು ಸಭೆಯಲ್ಲಿ. ಹೃದಯದ ಗೆರೆ ಓದುವ ಕೃತಕ ಬುದ್ಧಿಮತ್ತೆ ಬಂದಿದೆ, ಇನ್ನು ತಾಲ್ಲೂಕು ಆಸ್ಪತ್ರೆಯಲ್ಲಿ ಹೃದ್ರೋಗ ತಜ್ಞರಿಲ್ಲ ಎಂದು ಯಾರೂ ಗೋಳಾಡಬೇಕಿಲ್ಲ ಎಂದು ವೇದಿಕೆಯ ಮೇಲಿದ್ದವರೊಬ್ಬರು ಹೇಳಿದರು. ಯಂತ್ರಕ್ಕೆ ಬಡವ ಬಲ್ಲಿದ ಗೊತ್ತಿಲ್ಲ, ಜಾತಿ ಗೊತ್ತಿಲ್ಲ ಅಂದರು. ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಆಮೇಲೆ ಬಸ್‌ಸ್ಟ್ಯಾಂಡಿನಲ್ಲಿ ದೇವದುರ್ಗದ ಬಸ್ಸಿಗೆ ಕಾಯುತ್ತ ನಿಂತಾಗ ತಟ್ಟಿದ ಕೈ ಉರಿಯತೊಡಗಿತು. ದೊಡ್ಡಪ್ಪ ನೆನಪಾದ.

ದೊಡ್ಡಪ್ಪ ಸತ್ತದ್ದು ಹತ್ತಿ ಬಿಡಿಸುವ ದಿನಗಳಲ್ಲಿ. ಸಂಜೆ ಹೊಲದಿಂದ ಬಂದವನು "ಎದಿ ಹಿಡದಂಗ ಆಗಾಕತ್ತೈತಿ" ಅಂದ. ಮೈಯೆಲ್ಲ ಬೆವರು. ಊರಲ್ಲಿ ಡಾಕ್ಟರು ಅನ್ನಿಸಿಕೊಂಡವನು "ಗ್ಯಾಸ್ ಆಗ್ಯಾದ, ಏನಿಲ್ಲ" ಎಂದು ಒಂದು ಸೂಜಿ ಮಾಡಿ ನೂರು ರೂಪಾಯಿ ಇಸಕೊಂಡ. ನಮ್ಮ ಕಡೆ ಎದೆನೋವಿಗೆ ಎರಡೇ ಹೆಸರು. ಬದುಕಿದರೆ ಗ್ಯಾಸ್. ಸತ್ತರೆ ಹಣೆಬರಹ.

ರಾತ್ರಿ ನೋವು ಹೆಚ್ಚಾಗಿ ಟಂಟಂನಲ್ಲಿ ಹಾಕಿಕೊಂಡು ಒಂದು ಆಸ್ಪತ್ರೆಗೆ ಹೋದೆವು. ಯಾವ ಊರು, ಯಾವ ಆಸ್ಪತ್ರೆ ಎಂದು ಬರೆಯುವುದಿಲ್ಲ. ಒಂದು ಹೆಸರು ಬರೆದರೆ ಉಳಿದವೆಲ್ಲ ತಪ್ಪಿಸಿಕೊಳ್ಳುತ್ತವೆ. ಅಲ್ಲಿ ಇಸಿಜಿ ಯಂತ್ರ ಇತ್ತು. ಕರೆಂಟಿತ್ತು. ಕಾಗದವೂ ಇತ್ತು. ಎಲ್ಲಾ ಇತ್ತು. ಇಸಿಜಿ ತೆಗೆಯುವವನು ಹತ್ತಿಯ ಉಂಡೆ ನಮ್ಮಣ್ಣನ ಕಡೆ ಒಗೆದು, "ಎದಿ ಒರಸು. ಆ ಬಟ್ಟಲಾ ಅಲ್ಲಿ ಹಚ್ಚು. ಹಾಂ, ಅಲ್ಲೆ, ಅದರ ಬಾಜೂಕ ಇನ್ನೊಂದು" ಎಂದು ದೂರ ನಿಂತೇ ಹೇಳಿದ. ಯಾವ ಕೇರಿಯವರು ಎಂದು ಆಗಲೇ ಕೇಳಿಕೊಂಡಿದ್ದ. ಬಿ.ಎ. ಓದಿದ ನಮ್ಮಣ್ಣ ನಡುಗುವ ಕೈಯಲ್ಲಿ ಅಪ್ಪನ ಎದೆಗೆ ಆರು ಬಟ್ಟಲು ಹಚ್ಚಿದ. ಕಾಗದ ಹೊರಗೆ ಬಂತು. ಅದರ ತಲೆಯ ಮೇಲೆ ಯಂತ್ರವೇ ಇಂಗ್ಲಿಷಿನಲ್ಲಿ ಅಚ್ಚು ಹಾಕಿತ್ತು: ನಾರ್ಮಲ್. ಅಂದರೆ, ಎಲ್ಲಾ ಸರಿ ಐತಿ.

ಬೆಳಗಿನ ಜಾವ ದೊಡ್ಡಪ್ಪ ತೀರಿಹೋದ.

ಎಷ್ಟೋ ದಿನದ ಮೇಲೆ ಆ ಕಾಗದವನ್ನು ಒಬ್ಬ ಡಾಕ್ಟರಿಗೆ ತೋರಿಸಿದೆ. ಎದೆಯ ಬಟ್ಟಲುಗಳು ಜಾಗ ತಪ್ಪಿರುವ ಹಾಗೆ ಕಾಣುತ್ತದೆ ಅಂದರು. ಹೃದಯಾಘಾತದ ಮೊದಲ ಹೊತ್ತಿನಲ್ಲಿ ಗೆರೆ ಸರಿಯಾಗಿಯೇ ಇರಬಹುದು, ನೋವು ನಿಲ್ಲದಿದ್ದರೆ ಹದಿನೈದು ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ತೆಗೆಯಬೇಕು ಎಂದೂ ಹೇಳಿದರು. ಸರಿಯಾಗಿ ಹಚ್ಚಿದ್ದರೆ, ಮತ್ತೊಮ್ಮೆ ತೆಗೆದಿದ್ದರೆ ದೊಡ್ಡಪ್ಪ ಉಳಿಯುತ್ತಿದ್ದ ಎಂದು ನಾನು ಆಣೆ ಮಾಡಿ ಹೇಳಲಾರೆ. ಆದರೆ ಒಂದು ಮಾತು ಹೇಳಬಲ್ಲೆ. ಆ ಯಂತ್ರಕ್ಕೆ ಜಾತಿ ಇರಲಿಲ್ಲ. ಅದಕ್ಕೂ ದೊಡ್ಡಪ್ಪನ ಎದೆಗೂ ನಡುವೆ ಒಂದು ಕೈ ಇತ್ತು. ಆ ಕೈಗೆ ಜಾತಿ ಇತ್ತು. ಕೈಯ ಹೇಸಿಗೆ ಗೆರೆಯಲ್ಲಿ ಇಳಿಯಿತು. ಯಂತ್ರ ಆ ಗೆರೆಯನ್ನೇ ಓದಿತು.

ಗೆಳೆಯರೆ, ಇಷ್ಟು ಓದಿ ಇವನು ಯಂತ್ರ ಬೇಡ ಅನ್ನುತ್ತಾನೆ ಎಂದುಕೊಂಡಿರೋ, ನೀವು ತಪ್ಪು ತಿಳಿದಿರಿ. ನಮ್ಮಲ್ಲೇ ಕೆಲವರು ಹಾಗೆ ಮಾತಾಡುತ್ತಿದ್ದಾರೆ. ಕೃತಕ ಬುದ್ಧಿಮತ್ತೆ ಎಂದರೆ ಬಂಡವಾಳಶಾಹಿಯ ಹೊಸ ವೇಷ, ಅದನ್ನು ತಾಲ್ಲೂಕಿನ ಗಡಿಯಲ್ಲೇ ತಡೆಯಬೇಕು ಅನ್ನುತ್ತಾರೆ. ಹೀಗೆ ಅನ್ನುವವರ ಅಪ್ಪನಿಗೆ ಎದೆನೋವು ಬಂದರೆ ಹೈದರಾಬಾದಿಗೆ ಕಾರು ಹೊರಡುತ್ತದೆ. ದೇವದುರ್ಗದ ಕೂಲಿಕಾರನಿಗೆ ಹೈದರಾಬಾದ್ ಅಂದರೆ ಗುಳೆ ಹೋಗುವ ಊರು.

ಬಾಬಾಸಾಹೇಬರು 1945ರಲ್ಲಿ ಕಾಂಗ್ರೆಸ್ಸು ಮತ್ತು ಗಾಂಧಿ ಅಸ್ಪೃಶ್ಯರಿಗೆ ಮಾಡಿದ್ದೇನು ಎಂಬ ಪುಸ್ತಕ ಬರೆದಾಗ ಈ ಯಂತ್ರದ್ವೇಷವನ್ನು ನೇರವಾಗಿ ಎದುರಿಸಿದರು. ಕೇಡು ಯಂತ್ರದ್ದಲ್ಲ, ಅದರ ಲಾಭವನ್ನು ಕೆಲವರೇ ನುಂಗುವ ಹಾಗೆ ಕಟ್ಟಿದ ಸಮಾಜದ್ದು ಎಂಬುದು ಅವರ ವಾದ. ಬಿಡುವು, ವಿದ್ಯೆ, ಸಂಸ್ಕೃತಿ ಎಲ್ಲರಿಗೂ ಸಿಗಬೇಕಾದರೆ ಮನುಷ್ಯನ ದುಡಿತವನ್ನು ಯಂತ್ರ ಹೊರಬೇಕು ಎಂದರು. ಮಲದ ಗುಂಡಿಗೆ ಮನುಷ್ಯರನ್ನು ಇಳಿಸಿದ ದೇಶದಲ್ಲಿ ಯಂತ್ರ ಬೇಡ ಅನ್ನುವ ಹಕ್ಕು ಯಾರಿಗಿದೆ? ನಮಗಂತೂ ಇಲ್ಲ. ನಮಗೆ ಯಂತ್ರ ಬೇಕು. ಯಾರ ಕೈಯಲ್ಲಿ, ಯಾರ ಲೆಕ್ಕದಲ್ಲಿ, ಯಾರ ಬದಲಿಗೆ ಎಂಬುದೇ ನಮ್ಮ ಜಗಳ.

ಮೊದಲು ಈ ಯಂತ್ರ ಏನು ಮಾಡುತ್ತದೆ ನೋಡೋಣ. ಮೇಷ್ಟ್ರುಗಳು ಇದನ್ನು ಸಾಲಿಯಲ್ಲಿ ಮಕ್ಕಳಿಗೂ ಹೇಳಬೇಕು.

ಹೃದಯ ಪ್ರತಿ ಬಡಿತಕ್ಕೂ ಒಂದು ಸಣ್ಣ ವಿದ್ಯುತ್ ಅಲೆ ಎಬ್ಬಿಸುತ್ತದೆ. ಕೈಕಾಲಿಗೆ ನಾಲ್ಕು, ಎದೆಗೆ ಆರು ತಂತಿ ಹಚ್ಚಿ ಆ ಅಲೆಯನ್ನು ಕಾಗದದ ಮೇಲೆ ಗೆರೆಯಾಗಿ ಬರೆಸುವುದು ಇಸಿಜಿ. ಹಾಲೆಂಡಿನ ಐಂಥೋವನ್ ಎಂಬ ವಿಜ್ಞಾನಿ ಇದನ್ನು ಕಂಡುಹಿಡಿದಾಗ ಯಂತ್ರದ ತೂಕವೇ ಕಾಲು ಟನ್ ಮೀರಿತ್ತು. ರೋಗಿ ಕೈಕಾಲುಗಳನ್ನು ಉಪ್ಪುನೀರಿನ ಪಾತ್ರೆಯಲ್ಲಿ ಅದ್ದಿ ಕೂರಬೇಕಿತ್ತು. ಯಂತ್ರ ಅವನ ಪ್ರಯೋಗಶಾಲೆಯಲ್ಲಿ, ರೋಗಿ ಆಸ್ಪತ್ರೆಯಲ್ಲಿ, ನಡುವೆ ಒಂದೂವರೆ ಕಿಲೋಮೀಟರ್. ಹೊತ್ತು ತರುವುದು ಆಗದ ಮಾತು. 1905ರ ಸುಮಾರಿಗೆ ಅವನು ಟೆಲಿಫೋನ್ ತಂತಿಯಲ್ಲಿ ರೋಗಿಯ ಎದೆಯ ಅಲೆಯನ್ನು ತನ್ನಲ್ಲಿಗೆ ತರಿಸಿಕೊಂಡ. 1924ರಲ್ಲಿ ನೊಬೆಲ್ ಬಂತು. ಹಳ್ಳಿಯ ಎದೆಯ ಗೆರೆಯನ್ನು ಪಟ್ಟಣದಲ್ಲಿ ಕೂತು ಓದುವ ವಿದ್ಯೆಗೆ ಹತ್ತಿರ ಹತ್ತಿರ ನೂರಿಪ್ಪತ್ತು ವರ್ಷ ಆಯಿತು. ಅದು ದೇವದುರ್ಗದ ದಾರಿ ಹಿಡಿಯಲು ನೂರಿಪ್ಪತ್ತು ವರ್ಷ ಬೇಕಾಯಿತು ಎಂಬುದೇ ನಮ್ಮ ಚರಿತ್ರೆ.

ಈಗ ಸೇರಿರುವುದು ಓದುವ ಯಂತ್ರ. ಲಕ್ಷಗಟ್ಟಲೆ ಇಸಿಜಿಗಳನ್ನು ತಜ್ಞರು ಓದಿ, ಇದು ಹೃದಯಾಘಾತ, ಇದು ಬಡಿತ ತಪ್ಪಿದ್ದು, ಇದು ಸರಿ ಇದೆ ಎಂದು ಗುರುತು ಹಾಕಿಟ್ಟಿರುತ್ತಾರೆ. ಕಂಪ್ಯೂಟರು ಅದನ್ನೆಲ್ಲ ತಿದ್ದಿ ತಿದ್ದಿ ಕಲಿಯುತ್ತದೆ. ಹೊಸ ಗೆರೆ ಬಂದರೆ ಕಲಿತದ್ದರ ಜೊತೆ ತಾಳೆ ನೋಡಿ, ಇಂಥಾದ್ದು ಇರಬಹುದು ಎಂದು ಊಹೆ ಹೇಳುತ್ತದೆ. ಇಸಿಜಿ ಮಾತ್ರವಲ್ಲ, ಎಕೋ ಸ್ಕ್ಯಾನಿನ ಚಿತ್ರವನ್ನೂ ಹೀಗೆ ಓದುತ್ತವೆ. ಎಕೋ ಮಾಡಿ ಗೊತ್ತಿಲ್ಲದ ನರ್ಸಿಗೂ ಕೈ ಹೀಗೆ ತಿರುಗಿಸು, ಹಾಗೆ ಒತ್ತು ಎಂದು ದಾರಿ ತೋರಿಸುವ ಯಂತ್ರಕ್ಕೆ 2020ರಲ್ಲಿ ಅಮೆರಿಕದ ಸರ್ಕಾರ ಅನುಮತಿ ಕೊಟ್ಟಿತು.

ಇದು ಸಣ್ಣ ಮಾತಲ್ಲ. ಕೇರಿಯ ಮಕ್ಕಳಿಗೆ ಬರುವ ಗಂಟಲುನೋವು ಔಷಧಿಯಿಲ್ಲದೆ ಮತ್ತೆ ಮತ್ತೆ ಬಂದರೆ ಕೆಲವರಲ್ಲಿ ಕೀಲುವಾತವಾಗಿ ಕಡೆಗೆ ಹೃದಯದ ಕವಾಟವನ್ನೇ ತಿನ್ನುತ್ತದೆ. ಒಂದೇ ಕೋಣೆಯಲ್ಲಿ ಏಳೆಂಟು ಜನ ಮಲಗುವ ಮನೆಗಳ ರೋಗ ಅದು. ಎಕೋದಲ್ಲಿ ಮೊದಲೇ ಕಂಡರೆ ಮೂರು ನಾಲ್ಕು ವಾರಕ್ಕೊಂದು ಪೆನಿಸಿಲಿನ್ ಸೂಜಿ ಕೊಟ್ಟು ಅದು ಬೆಳೆಯದಂತೆ ತಡೆಯಬಹುದು. ಆ ಸೂಜಿ ಹಳೆಯದು, ಅಗ್ಗದ್ದು. ಮಾನ್ವಿಯ ಒಂದು ಸಾಲಿಗೆ ನರ್ಸೊಬ್ಬಳು ಅಂಥ ಯಂತ್ರ ತಂದು ಮಕ್ಕಳ ಎದೆ ನೋಡಿದರೆ ಬೇಡ ಅನ್ನಲು ನಾನು ಯಾರು?

ನಮ್ಮ ರಾಜ್ಯದಲ್ಲೂ ಯೋಜನೆ ಇದೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ತೀರಿಕೊಂಡರು. ನಮ್ಮ ಕೇರಿಯಲ್ಲಿ ಅವತ್ತು ಒಲೆ ಹಚ್ಚದ ಮನೆಗಳಿದ್ದವು. ಆಮೇಲೆ ಅವರ ಹೆಸರಿನಲ್ಲೇ ಹೃದಯ ಜ್ಯೋತಿ ಯೋಜನೆ ಬಂತು. ಎದೆನೋವೆಂದು ಬಂದವರಿಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆಯುವುದು, ಕೃತಕ ಬುದ್ಧಿಮತ್ತೆಯ ನೆರವಿನಿಂದ ಕೆಲವೇ ನಿಮಿಷದಲ್ಲಿ ಅದನ್ನು ಓದುವುದು, ರಕ್ತನಾಳ ಕಟ್ಟಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಸೂಜಿಯನ್ನು ಅಲ್ಲೇ ಬಿಟ್ಟಿಯಾಗಿ ಕೊಟ್ಟು, ಜಯದೇವದಂಥ ದೊಡ್ಡ ಆಸ್ಪತ್ರೆಗೆ ಸಾಗಿಸುವುದು. ಕೆಲವು ಹತ್ತು ಆಸ್ಪತ್ರೆಗಳಲ್ಲಿ ಶುರುವಾದ ಇದನ್ನು ಎಲ್ಲ ತಾಲ್ಲೂಕುಗಳಿಗೂ ಹಬ್ಬಿಸುತ್ತೇವೆ ಎಂದು ಸರ್ಕಾರ 2025ರ ಜುಲೈನಲ್ಲಿ ಹೇಳಿತು. ಬೆಂಗಳೂರಿನಲ್ಲಿ ಟ್ರೈಕಾಗ್‌ನಂಥ ಕಂಪನಿಗಳು ಯಂತ್ರವನ್ನೂ ಡಾಕ್ಟರುಗಳನ್ನೂ ಜೊತೆಗೆ ಕೂರಿಸಿ ದೂರದೂರದ ಇಸಿಜಿ ಓದುವ ಕೆಲಸವನ್ನು ಹತ್ತು ವರ್ಷದಿಂದ ನಡೆಸುತ್ತಿವೆ.

ಕಾಗದದ ಮೇಲೆ ಯೋಜನೆ ಒಳ್ಳೆಯದು. ನಾನು ಅದರ ವೈರಿಯಲ್ಲ. ಅದರ ಸುತ್ತ ನಡೆಯುತ್ತಿರುವ ಮಾತಿನ ವೈರಿ. ಯಂತ್ರ ಬಂತು, ಇನ್ನು ಡಾಕ್ಟರು ಇಲ್ಲದಿದ್ದರೂ ನಡೆಯುತ್ತದೆ ಎಂಬ ಮಾತು. ನಮಗೆ ಬರುವುದೆಲ್ಲ ಹೀಗೇ ಬರುತ್ತದೆ. ಅವರಿಗೆ ಡಾಕ್ಟರು ಮತ್ತು ಯಂತ್ರ. ನಮಗೆ ಡಾಕ್ಟರಿನ ಬದಲು ಯಂತ್ರ. ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಯಂತ್ರ ತಜ್ಞನ ಕೈಕೆಳಗಿನ ಆಳು. ನಮ್ಮಲ್ಲಿ ಅದೇ ತಜ್ಞ. 'ಮತ್ತು' ಹಾಗೂ 'ಬದಲು', ಈ ಎರಡು ಪದಗಳ ನಡುವೆ ಇರುವ ಕಂದಕದಲ್ಲೇ ನಮ್ಮ ಹೆಣ ಬೀಳುವುದು.

ಯಂತ್ರ ಗೆರೆ ಓದಿತು ಅನ್ನಿ. ಹೃದಯಾಘಾತ ಎಂದು ಹೇಳಿತು ಅನ್ನಿ. ಮುಂದೆ? ಹೆಪ್ಪು ಕರಗಿಸುವ ಸೂಜಿಯನ್ನು ನೋವು ಶುರುವಾದ ಹನ್ನೆರಡು ತಾಸಿನೊಳಗೆ, ಅದರಲ್ಲೂ ಎಷ್ಟು ಬೇಗ ಆದರೆ ಅಷ್ಟು ಬೇಗ ಕೊಡಬೇಕು. ಆದರೆ ಅದು ನೀರಿನ ಸೂಜಿಯಲ್ಲ. ಕೊಟ್ಟವರಲ್ಲಿ ನೂರಕ್ಕೆ ಒಬ್ಬರ ಆಸುಪಾಸು ಮಿದುಳಿನಲ್ಲಿ ರಕ್ತ ಸುರಿಯುವ ಅಪಾಯ ಇದೆ. ಹಿಂದೆ ಲಕ್ವ ಹೊಡೆದಿತ್ತೇ, ಇತ್ತೀಚೆಗೆ ಆಪರೇಷನ್ ಆಗಿದೆಯೇ, ಬಿ.ಪಿ. ಎಷ್ಟಿದೆ ಎಂದು ಕೇಳಿ, ಮೈ ಮುಟ್ಟಿ ನೋಡಿ ಕೊಡಬೇಕು. ಕೇಳುವವರು ಯಾರು? ರಾತ್ರಿ ಎರಡು ಗಂಟೆಗೆ ಕೂಲಿಯ ಹೆಣ್ಣುಮಗಳನ್ನು ನಮ್ಮ ಭಾಷೆಯಲ್ಲಿ ಕೇಳುವವರು ಯಾರು? ಯಂತ್ರ ತಪ್ಪು ಹೇಳಿ ಸೂಜಿ ಕೊಟ್ಟು ಜೀವ ಹೋದರೆ ಉತ್ತರ ಕೊಡುವವರು ಯಾರು? ಕಂಪನಿ ಡಾಕ್ಟರ ಕಡೆ ಬೆರಳು ಮಾಡುತ್ತದೆ. ಡಾಕ್ಟರು ಯಂತ್ರದ ಕಡೆ. ಯಂತ್ರಕ್ಕೆ ಬೆರಳೇ ಇಲ್ಲ.

ಸೂಜಿ ಕೊಟ್ಟರೂ ಕೆಲಸ ಮುಗಿಯಲಿಲ್ಲ. ರಕ್ತನಾಳ ತೆರೆಯುವ ಆಂಜಿಯೋಪ್ಲಾಸ್ಟಿಯನ್ನೇ ನೇರವಾಗಿ ಮಾಡುವುದಾದರೆ ಎರಡು ತಾಸಿನೊಳಗೆ ಆಗಬೇಕು ಎಂದು ವೈದ್ಯಶಾಸ್ತ್ರ ಹೇಳುತ್ತದೆ. ದೇವದುರ್ಗದಿಂದ ರಾಯಚೂರು ಐವತ್ತು ಕಿಲೋಮೀಟರಿಗೂ ಮಿಕ್ಕಿ. ಕಲಬುರಗಿಯ ಜಯದೇವ ನೂರು ದಾಟಿ. ಊರಿನಿಂದ ದೇವದುರ್ಗಕ್ಕೆ ಬರುವುದು ಬೇರೆ ಲೆಕ್ಕ. ಗೆರೆ ಬೆಂಗಳೂರು ಮುಟ್ಟಲು ಒಂದು ಸೆಕೆಂಡು. ಮನುಷ್ಯ ರಾಯಚೂರು ಮುಟ್ಟಲು ಎಷ್ಟು ತಾಸು? ನಮ್ಮ ಗೆರೆಗೆ ಇರುವ ಗತಿ ನಮ್ಮ ದೇಹಕ್ಕಿಲ್ಲ.

ರಾಯಚೂರಿನ ಚರಿತ್ರೆಯೇ ಇದು. ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಸುಟ್ಟು ನಾಡಿಗೆಲ್ಲ ಬೆಳಕು ಕೊಟ್ಟವರು ನಾವು. ಬೂದಿ ಉಂಡವರೂ ನಾವೇ. ಹಟ್ಟಿಯ ನೆಲದೊಳಗಿಂದ ಚಿನ್ನ ಎತ್ತಿದವರು ನಾವು. ಬೆಂಗಳೂರಿನ ಯಂತ್ರ ಓಡುವ ಕರೆಂಟಿನಲ್ಲಿ ನಮ್ಮ ಮಣ್ಣಿನ ಪಾಲಿದೆ. ಆ ಕಂಪನಿಗಳು ಕೂತಿರುವ ಗಾಜಿನ ಕಟ್ಟಡಗಳಿಗೆ ಕಲ್ಲು ಇಟ್ಟಿಗೆ ಹೊತ್ತವರಲ್ಲಿ ದೇವದುರ್ಗ, ಮಾನ್ವಿಯಿಂದ ಗುಳೆ ಹೋದವರಿದ್ದಾರೆ. 2002ರಲ್ಲಿ ನಂಜುಂಡಪ್ಪ ಸಮಿತಿ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳ ಪಟ್ಟಿ ಮಾಡಿದಾಗ ದೇವದುರ್ಗವೂ ಮಾನ್ವಿಯೂ ಅದರಲ್ಲಿದ್ದವು. ಹಿಂದುಳಿದವು ಅನ್ನುತ್ತಾರೆ. ನಾವು ಹಿಂದೆ ಉಳಿದದ್ದಲ್ಲ, ನಮ್ಮನ್ನು ಹಿಂದೆ ಬಿಟ್ಟು ಬಂಡಿ ಹೊಡೆದರು. 2013ರಲ್ಲಿ 371(ಜೆ) ಬಂತು. 2016ರಲ್ಲಿ ಐಐಟಿ ಧಾರವಾಡಕ್ಕೆ ಹೋಯಿತು. ಏಮ್ಸ್ ಆದರೂ ಕೊಡಿ ಎಂದು ರಾಯಚೂರಿನ ಜನ 2022ರ ಮೇ ತಿಂಗಳಲ್ಲಿ ಧರಣಿ ಕೂತರು. 2025ರಲ್ಲಿ ಆ ಧರಣಿ ಸಾವಿರ ದಿನ ದಾಟಿತು. ಸಾವಿರ ದಿನ ಒಂದು ಊರು ಡಾಕ್ಟರು ಬೇಕು, ಆಸ್ಪತ್ರೆ ಬೇಕು ಎಂದು ಕೂಗುವ ಗೆರೆಯನ್ನು ಓದಲು ದಿಲ್ಲಿಯಲ್ಲಿ ಯಾವ ಯಂತ್ರವೂ ಇರಲಿಲ್ಲವೇ?

ಯಂತ್ರ ಮಾತ್ರ ಬಂದರೆ ಸಾಲದು ಎಂಬ ಪಾಠ ನಮಗೆ ಹೊಸದಲ್ಲ. ತೈಲ ದೇಶಗಳ ನಿಧಿಯಿಂದ ರಾಯಚೂರಿನಲ್ಲಿ ಕಟ್ಟಿದ ರಾಜೀವ್ ಗಾಂಧಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯನ್ನು ಜನ ಇವತ್ತಿಗೂ ಒಪೆಕ್ ಎಂದೇ ಕರೆಯುತ್ತಾರೆ. ಜನರ ಹೆಸರಿನಲ್ಲಿ ಕಟ್ಟಿದ ಅದನ್ನು ಸರ್ಕಾರ ಹತ್ತು ವರ್ಷ ನಡೆಸಲು ಅಪೋಲೊ ಕೈಗೆ ಕೊಟ್ಟಿತ್ತು. ಆಮೇಲೆ ಅದು ವಾಪಸ್ಸು ಬಂದು ರಿಮ್ಸ್ ಜೊತೆ ಸೇರಿತು. ಕಟ್ಟಡ ಒಬ್ಬರದು ಕೀಲಿ ಒಬ್ಬರದು ಆದರೆ ಬಾಗಿಲ ಮುಂದೆ ನಿಲ್ಲುವವರು ನಾವು. ಈಗ ಕಟ್ಟಡದ ಜಾಗದಲ್ಲಿ ಯಂತ್ರ ಬಂದಿದೆ. ಕೀಲಿ ಯಾರ ಹತ್ತಿರ ಎಂದು ಮೊದಲೇ ಕೇಳಬೇಕು.

ಇನ್ನು ಯಂತ್ರಕ್ಕೆ ಬುದ್ಧಿ ಕಲಿಸಿದವರ ಮಾತಿಗೆ ಬರೋಣ. ಬುದ್ಧಿ ಹೇಳುವವರು ನಮಗೆ ಹೊಸಬರಲ್ಲ. ಸಾವಿರಾರು ವರ್ಷ ಬುದ್ಧಿಯೆಲ್ಲ ತಮ್ಮದೇ ಎಂದವರು, ಶಾಸ್ತ್ರ ಬರೆದವರು, ನಮ್ಮ ಕಿವಿಗೆ ಅಕ್ಷರ ಬೀಳದಂತೆ ಕಾದವರು. ಆ ಶಾಸ್ತ್ರದಲ್ಲಿ ನಾವು ಇರಲಿಲ್ಲ. ಇದ್ದರೂ ಕಾಲ ಕೆಳಗೆ ಇದ್ದೆವು. ಈ ಹೊಸ ಶಾಸ್ತ್ರದಲ್ಲಿ ನಾವು ಇದ್ದೇವೆಯೇ?

ಜಗತ್ತಿನ ಸಂಶೋಧಕರು ಇಸಿಜಿ ಓದುವ ಯಂತ್ರವನ್ನು ಪಳಗಿಸಲು ಹೆಚ್ಚಾಗಿ ಬಳಸುವ ಒಂದು ಸಂಗ್ರಹ ಜರ್ಮನಿಯದು. 1989ರಿಂದ 1996ರವರೆಗೆ ಸುಮಾರು 19 ಸಾವಿರ ಜನರಿಂದ ತೆಗೆದ 21 ಸಾವಿರಕ್ಕೂ ಹೆಚ್ಚು ಗೆರೆಗಳು. ಒಳ್ಳೆಯ ಸಂಗ್ರಹ. ಆದರೆ ಅದರೊಳಗೆ ಬಿಸಿಲಿನಲ್ಲಿ ಹತ್ತಿ ಬಿಡಿಸಿದ ಎದೆ ಇಲ್ಲ. 2004ರ ಇಂಟರ್‌ಹಾರ್ಟ್ ಅಧ್ಯಯನ ನಮ್ಮ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಉಳಿದವರಿಗಿಂತ ಐದಾರು ವರ್ಷ ಮೊದಲೇ ಬರುತ್ತದೆ ಎಂದು ತೋರಿಸಿತು. ಪರದೇಶದ ಮುದುಕರ ಎದೆ ನೋಡಿ ಕಲಿತ ಯಂತ್ರ ನಮ್ಮ ನಲವತ್ತರ ಕೂಲಿಯವನ ಎದೆಯನ್ನು ಎಷ್ಟು ಸರಿಯಾಗಿ ಓದುತ್ತದೆ? ಓದಬಹುದು, ಓದದೆಯೂ ಇರಬಹುದು. ಇಲ್ಲಿ ಪರೀಕ್ಷೆ ಮಾಡಿ ತೋರಿಸಿ ಎಂದಷ್ಟೇ ನಾನು ಕೇಳುವುದು.

ಇದು ಬರೀ ಅನುಮಾನ ಅನ್ನುವವರು ಅಮೆರಿಕದ ಕಥೆ ಕೇಳಬೇಕು. ಅಲ್ಲಿ ಯಾವ ರೋಗಿಗೆ ಹೆಚ್ಚು ಆರೈಕೆ ಬೇಕು ಎಂದು ಆರಿಸಲು ಒಂದು ಯಂತ್ರಲೆಕ್ಕ ಬಳಸುತ್ತಿದ್ದರು. ಅದಕ್ಕೆ ಜನಾಂಗದ ಹೆಸರನ್ನೇ ಕೊಟ್ಟಿರಲಿಲ್ಲ. ಆದರೂ ಒಂದೇ ಅಂಕ ಬಿದ್ದ ಕಪ್ಪು ಜನರು ಬಿಳಿಯರಿಗಿಂತ ಹೆಚ್ಚು ರೋಗ ಹೊತ್ತವರಾಗಿದ್ದರು. 2019ರಲ್ಲಿ ಸಂಶೋಧಕರು ಇದನ್ನು ಬಯಲಿಗೆಳೆದರು. ಕಾರಣ ಕೇಳಿ. ರೋಗ ಎಷ್ಟಿದೆ ಎಂದು ಅಳೆಯುವ ಬದಲು ಆ ಯಂತ್ರ, ರೋಗಿಯ ಮೇಲೆ ಎಷ್ಟು ಖರ್ಚಾಗುತ್ತದೆ ಎಂದು ಅಳೆಯುತ್ತಿತ್ತು. ಕಪ್ಪು ಜನರ ಮೇಲೆ ಖರ್ಚು ಮಾಡಿದವರೇ ಕಡಿಮೆ. ಆದ್ದರಿಂದ ಅವರಿಗೆ ರೋಗ ಕಡಿಮೆ ಎಂದು ಯಂತ್ರ ತಿಳಿಯಿತು. ಯಂತ್ರಕ್ಕೆ ಜಾತಿ ಇರಲಿಲ್ಲ. ಅದು ಕಲಿತ ಲೆಕ್ಕದ ಪುಸ್ತಕಕ್ಕೆ ಇತ್ತು.

ಈಗ ನಮ್ಮ ಲೆಕ್ಕದ ಪುಸ್ತಕ ತೆರೆಯಿರಿ. 2020ರಲ್ಲಿ ಈ ದೇಶದಲ್ಲಿ ನೋಂದಣಿಯಾದ ಸಾವುಗಳಲ್ಲಿ ಡಾಕ್ಟರು ಕಾರಣ ಬರೆದುಕೊಟ್ಟದ್ದು ನೂರಕ್ಕೆ 22.5. ಉಳಿದವರು ಯಾಕೆ ಸತ್ತರು? ಸತ್ತರು, ಅಷ್ಟೇ. ನಮ್ಮ ದೊಡ್ಡಪ್ಪನ ಸಾವಿಗೂ ಯಾರೂ ಕಾರಣ ಬರೆದುಕೊಡಲಿಲ್ಲ. 2025ರ ಮೇ, ಜೂನ್ ತಿಂಗಳಲ್ಲಿ ಹಾಸನ ಜಿಲ್ಲೆಯಲ್ಲಿ ಸುಮಾರು ನಲವತ್ತು ದಿನದೊಳಗೆ ಇಪ್ಪತ್ತಕ್ಕೂ ಹೆಚ್ಚು ಜನ ಹಠಾತ್ತಾಗಿ ತೀರಿಕೊಂಡಾಗ ನಾಡು ಬೆಚ್ಚಿತು. ಜಯದೇವದ ನಿರ್ದೇಶಕರ ಸಮಿತಿ ಕೂತಿತು, ವರದಿ ಬಂತು, ಆಸ್ಪತ್ರೆಯ ಹೊರಗಿನ ಹಠಾತ್ ಸಾವುಗಳನ್ನು ವರದಿ ಮಾಡಲೇಬೇಕು ಎಂದು ಸರ್ಕಾರ ಹೇಳಿತು. ಒಳ್ಳೆಯದಾಯಿತು. ಹಾಸನದ ತಾಯಂದಿರ ದುಃಖಕ್ಕೆ ನಮ್ಮದೂ ಸೇರಲಿ. ಆದರೆ ಒಂದು ಮಾತು ನೋಡಿ. ಎಣಿಸಿದ್ದರಿಂದ ಅದು ಸುದ್ದಿಯಾಯಿತು. ಎಣಿಸದ ಊರಿನಲ್ಲಿ ಸಾವು ಸುದ್ದಿಯಾಗುವುದಿಲ್ಲ, ಅಂಕಿಯಾಗುವುದಿಲ್ಲ, ಯಂತ್ರಕ್ಕೆ ಪಾಠವೂ ಆಗುವುದಿಲ್ಲ. ಒಮ್ಮೆಯೂ ಇಸಿಜಿ ತೆಗೆಸಿಕೊಳ್ಳದೆ ಸತ್ತವನ ಎದೆ ಯಂತ್ರದ ಪಾಲಿಗೆ ಹುಟ್ಟೇ ಇಲ್ಲ.

ಹಾಗಾದರೆ ದಾರಿ ಇಲ್ಲವೇ? ಇದೆ. ಬ್ರೆಜಿಲ್ ದೇಶದ ಮಿನಾಸ್ ಜೆರೈಸ್ ರಾಜ್ಯದಲ್ಲಿ ಸರ್ಕಾರಿ ವಿಶ್ವವಿದ್ಯಾಲಯಗಳೂ ಸರ್ಕಾರವೂ ಕೂಡಿ ಸಣ್ಣ ಸಣ್ಣ ಊರುಗಳ ಆರೋಗ್ಯ ಕೇಂದ್ರಗಳಿಂದ ಇಸಿಜಿ ತರಿಸಿ ಓದುವ ಜಾಲ ಕಟ್ಟಿದರು. 2010ರಿಂದ 2016ರೊಳಗೆ 811 ಸ್ಥಳೀಯ ಆಡಳಿತಗಳ ವ್ಯಾಪ್ತಿಯಿಂದ 16 ಲಕ್ಷಕ್ಕೂ ಹೆಚ್ಚು ಜನರ 23 ಲಕ್ಷ ಗೆರೆಗಳು ಕೂಡಿದವು. ಆ ಗೆರೆಗಳಿಂದಲೇ ಯಂತ್ರಕ್ಕೆ ಕಲಿಸಿ, ಅದು ಎಷ್ಟು ಸರಿ, ಎಷ್ಟು ತಪ್ಪು ಎಂದು 2020ರಲ್ಲಿ ಜಗತ್ತಿನ ಮುಂದೆ ಇಟ್ಟರು. ಆರು ಬಗೆಯ ತೊಂದರೆಗಳನ್ನು ಗುರುತಿಸುವುದರಲ್ಲಿ ಅದು ತರಬೇತಿಯಲ್ಲಿದ್ದ ಡಾಕ್ಟರುಗಳನ್ನು ಮೀರಿಸಿತು. ಆ ಆರರಲ್ಲಿ ಹೃದಯಾಘಾತ ಇರಲಿಲ್ಲ ಎಂಬುದನ್ನೂ ಮರೆಯಬಾರದು. ಯಂತ್ರಕ್ಕೆ ಕಲಿಸಿದ್ದಷ್ಟೇ ಗೊತ್ತು. ಆದರೆ ಅಲ್ಲಿ ಬಡವರ ಎದೆಯೇ ಪಠ್ಯವಾಯಿತು. ಕಲಿಸಿದ ಗುರು ಸರ್ಕಾರಿ ನೌಕರ. ಬ್ರೆಜಿಲ್ಲಿಗೆ ಆಗುವುದು ಕಲ್ಯಾಣ ಕರ್ನಾಟಕಕ್ಕೆ ಯಾಕೆ ಆಗಬಾರದು? ರಿಮ್ಸ್ ಇದೆ, ಕಲಬುರಗಿಯಲ್ಲಿ ಜಯದೇವ ಇದೆ, ರಾಯಚೂರಿನಲ್ಲೇ ಐಐಐಟಿ ಇದೆ. ಇಲ್ಲದ್ದು ಮನಸ್ಸು.

ಕಡೆಗೆ ಮುಟ್ಟುವ ಮಾತು. ನನಗೆ ದೊಡ್ಡ ಭಯ ಇರುವುದು ಇಲ್ಲಿಯೇ.

ಮುಟ್ಟದೆ ರೋಗ ತಿಳಿಯುವ ವಿದ್ಯೆ ಬೇರೆ ದೇಶಕ್ಕೆ ಅನುಕೂಲ. ಮುಟ್ಟುವುದನ್ನೇ ಪಾಪ ಮಾಡಿದ ದೇಶಕ್ಕೆ ಅದು ನೆಪ. ನಾಡಿ ಹಿಡಿಯಲು ಹೇಸಿದ ಕೈಗಳ ಕಥೆ ನಮ್ಮ ಪ್ರತಿ ಮುದುಕನಿಗೂ ಗೊತ್ತು. ಮೇಲಿಂದ ಗುಳಿಗೆ ಒಗೆದವರು, ಬಾಗಿಲ ಹೊರಗೆ ನಿಲ್ಲಿಸಿ ನಾಲಿಗೆ ನೋಡಿದವರು. ಇನ್ನು ಅವರಿಗೆ ಕಷ್ಟವೇ ಇಲ್ಲ. "ಯಂತ್ರ ನೋಡ್ಯಾದ, ಹೋಗು" ಅಂದರೆ ಮುಗಿಯಿತು. ಕಾನೂನಿಗೂ ಸಿಗದ, ಕಣ್ಣಿಗೂ ಕಾಣದ ಹೊಸ ಅಸ್ಪೃಶ್ಯತೆ ಇದು.

ನಮ್ಮ ಅವ್ವಂದಿರ ಪಾಡು ಇನ್ನೂ ಕೆಟ್ಟದ್ದು. ಎದೆ ಬಿಚ್ಚು ಅನ್ನುವವನು ಗಂಡಸು, ಪರದೆ ಇಲ್ಲದ ಕೋಣೆ, ಬಾಗಿಲಲ್ಲಿ ಹತ್ತು ಜನ. ನಾಚಿ ಕುಬುಸ ಹಿಡಿದುಕೊಂಡರೆ ತಂತಿ ಸಿಕ್ಕಲ್ಲಿ ಹಚ್ಚುತ್ತಾರೆ. ಹೆಂಗಸರ ಹೃದಯಾಘಾತ ಎಷ್ಟೋ ಸಲ ಎದೆಯುರಿ, ಬೆನ್ನುನೋವು, ಸುಸ್ತು ಎಂಬ ವೇಷದಲ್ಲಿ ಬರುತ್ತದೆ. ಮೊದಲೇ ಯಾರೂ ನಂಬುವುದಿಲ್ಲ. ತಪ್ಪು ಜಾಗದ ತಂತಿ ತಪ್ಪು ಗೆರೆ ಕೊಟ್ಟಾಗ ಯಂತ್ರವೂ ನಂಬುವುದಿಲ್ಲ. ಕೋಟಿ ಕೊಟ್ಟು ಯಂತ್ರ ತರುವವರು ನೂರು ರೂಪಾಯಿಯ ಒಂದು ಪರದೆಯನ್ನೂ ಒಬ್ಬ ನರ್ಸನ್ನೂ ಕೊಡಲಾರರೇ?

ಆದ್ದರಿಂದ ಗೆಳೆಯರೆ, ಯಂತ್ರ ಬಂದ ಆಸ್ಪತ್ರೆಯ ಮುಂದೆ ನಾವು ಕಲ್ಲು ಹಿಡಿದು ನಿಲ್ಲುವುದಿಲ್ಲ. ಪಟ್ಟಿ ಹಿಡಿದು ನಿಲ್ಲುತ್ತೇವೆ.

ಒಂದು. ದೇವದುರ್ಗ, ಮಾನ್ವಿ ಸೇರಿ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಹಗಲು ರಾತ್ರಿ ಇಸಿಜಿ ತೆಗೆಯಲು ತರಬೇತಿ ಪಡೆದ ಕಾಯಂ ನೌಕರ ಇರಬೇಕು. ಹೆಂಗಸರಿಗೆ ಹೆಂಗಸೇ ಇರಬೇಕು. ತಂತಿಯನ್ನು ರೋಗಿಯ ಮನೆಯವರ ಕೈಯಲ್ಲಿ ಹಚ್ಚಿಸಿದರೆ ಅದನ್ನು ಅಸ್ಪೃಶ್ಯತೆಯ ಅಪರಾಧವೆಂದೇ ದಾಖಲಿಸಬೇಕು.

ಎರಡು. ಯಂತ್ರ ಹೇಳಿದ್ದನ್ನು ಡಾಕ್ಟರು ನೋಡಿ ಹೆಸರು ಬರೆದು ಸಹಿ ಹಾಕಬೇಕು. ತಪ್ಪಾದರೆ ಉತ್ತರಿಸುವ ಮನುಷ್ಯ ಬೇಕು. ರೋಗಿಯ ಕೈಗೆ ಕೊಡುವ ಚೀಟಿ ಕನ್ನಡದಲ್ಲಿ ಇರಬೇಕು.

ಮೂರು. ಹೆಪ್ಪು ಕರಗಿಸುವ ಸೂಜಿ ಎಷ್ಟು ದಾಸ್ತಾನಿದೆ ಎಂದು ಆಸ್ಪತ್ರೆಯ ಗೋಡೆಯ ಮೇಲೆ, ರೇಷನ್ ಅಂಗಡಿಯ ಹಾಗೆ, ದಿನಾ ಬರೆಯಬೇಕು. ರಾಯಚೂರಿನ ಸರ್ಕಾರಿ ಆಸ್ಪತ್ರೆಯಲ್ಲೇ ರಕ್ತನಾಳ ತೆರೆಯುವ ಕೋಣೆ ರಜೆ ಇಲ್ಲದೆ, ರಾತ್ರಿಯೂ ನಡೆಯಬೇಕು.

ನಾಲ್ಕು. ಯಂತ್ರವನ್ನು ನಮ್ಮ ಜಿಲ್ಲೆಯ ಜನರ ಮೇಲೆ ಪರೀಕ್ಷಿಸಿ, ಎಷ್ಟು ಸಲ ಸರಿ ಎಷ್ಟು ಸಲ ತಪ್ಪು ಎಂದು ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ, ಪರಿಶಿಷ್ಟರಿಗೆ ಬೇರೆ ಲೆಕ್ಕ ಮಾಡಿ ಪ್ರತಿ ವರ್ಷ ಪ್ರಕಟಿಸಬೇಕು.

ಐದು. ನಮ್ಮ ಎದೆಯ ಗೆರೆ ಕಂಪನಿಯ ಆಸ್ತಿಯಲ್ಲ. 2023ರಲ್ಲಿ ಖಾಸಗಿ ದತ್ತಾಂಶ ಕಾಪಾಡುವ ಕಾಯ್ದೆ ಆಗಿದೆ. ಹೆಬ್ಬೆಟ್ಟು ಒತ್ತುವ ಕೂಲಿಯವನ ಒಪ್ಪಿಗೆಯನ್ನು ಅವನಿಗೆ ತಿಳಿಯುವ ಮಾತಿನಲ್ಲಿ ಕೇಳಬೇಕು. ಅವನ ಗೆರೆಯಿಂದ ಕಲಿತ ಯಂತ್ರವನ್ನು ಅವನ ಊರಿಗೇ ಮತ್ತೆ ಬೆಲೆ ಕಟ್ಟಿ ಮಾರಬಾರದು.

ಇವು ಭಿಕ್ಷೆಯಲ್ಲ. 1927ರಲ್ಲಿ ಮಹಾಡದ ಕೆರೆಗೆ ಬಾಬಾಸಾಹೇಬರು ಇಳಿದದ್ದು ನೀರಡಿಕೆಗಾಗಿ ಮಾತ್ರವಲ್ಲ, ಊರಿನ ಕೆರೆ ನಮ್ಮದೂ ಹೌದು ಎಂದು ಹೇಳಲು. ವಿಜ್ಞಾನವೂ ಊರಿನ ಕೆರೆಯೇ. ಅದರ ನೀರನ್ನು ದಡದಲ್ಲಿ ನಿಂತವರು ಮೇಲಿಂದ ಹೊಯ್ದು ನಮ್ಮ ಬೊಗಸೆಗೆ ಕೊಡುವುದು ಬೇಡ. ನಾವೇ ಇಳಿಯುತ್ತೇವೆ.

ಹಳ್ಳಿಯ ಮೇಷ್ಟ್ರುಗಳೇ, ನಿಮ್ಮ ಸಾಲಿಯಲ್ಲಿ ಗಣಿತ ಚೆನ್ನಾಗಿ ಮಾಡುವ ಕೇರಿಯ ಹುಡುಗಿಯೊಬ್ಬಳು ಇರುತ್ತಾಳೆ. ಅವಳನ್ನು ಎಂಟನೆಯ ಇಯತ್ತೆಗೆ ಬಿಡಿಸಿ ಹತ್ತಿ ಹೊಲಕ್ಕೆ ಕಳಿಸಲು ಬಿಡಬೇಡಿ. ಗೆರೆ ಓದುವ ಯಂತ್ರಕ್ಕೆ ನಾಳೆ ಪಾಠ ಹೇಳಬೇಕಾದವಳು ಅವಳು.

ದೊಡ್ಡಪ್ಪನ ಇಸಿಜಿ ಕಾಗದ ನನ್ನ ಪೆಟ್ಟಿಗೆಯಲ್ಲಿದೆ. ಬಿಸಿಗೆ ಕಪ್ಪಾಗಿ ಅಚ್ಚು ಮೂಡುವ ಆ ಕಾಗದದ ಗೆರೆ ವರ್ಷ ಕಳೆದಂತೆ ತಾನೇ ಮಾಸಿಹೋಗುತ್ತದೆ. ಆಗಲೇ ಅರ್ಧ ಮಾಸಿದೆ. ನಾರ್ಮಲ್ ಎಂಬ ಅಕ್ಷರ ಮಾತ್ರ ಇನ್ನೂ ಓದಲು ಬರುತ್ತದೆ. ಅದು ಪೂರ್ತಿ ಅಳಿಸಿಹೋಗುವ ಮೊದಲು ಈ ಲೇಖನ ಬರೆದೆ.